ಫೋನು ಬಿಟ್ಟವ ನಾನು, ಹೊತ್ತವರು ಯಾರು?

ಹೋದ ವರ್ಷದ ಕೊನೆಕೊಯ್ಲಿನ ಮಾತು. ಕೊನೆಗೌಡ ಮರದ ಮೇಲಿದ್ದ, ಕೆಳಗೆ ಹಗ್ಗ ಹಿಡಿದವ ನಾನು. ಅಡಿಕೆ ತೋಟದವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯ ಸ್ನೇಹಿತರಿಗಾಗಿ ಹೇಳ್ತೇನೆ: ಮೇಲಿಂದ ಕೊನೆ ಹಗ್ಗದ ಗುಂಟ ಜಾರಿ ಬರ್ತದೆ. ಕೆಳಗಿದ್ದವ ಹಗ್ಗ ಬಿಗಿಯಾಗಿ ಹಿಡಿದು, ಅಡಿಕೆ ಉದುರದ ಹಾಗೆ ಕೊನೆಯನ್ನು ಹಿಡೀಬೇಕು. ಕಣ್ಣು ಮೇಲೇ ಇರಬೇಕು.

ಆಗ ಕಿಸೆಯಲ್ಲಿದ್ದ ಫೋನು ಟಿಣ್ ಅಂತು. ಅಡಿಕೆ ದರದ ಮೆಸೇಜಿರಬಹುದು ಅಂತ ಒಂದು ಕೈಲಿ ತೆಗೆದೆ. ದರ ಅಲ್ಲ, ಯಾರದೋ ಶುಭೋದಯ. ಅಷ್ಟರಲ್ಲಿ ಹಗ್ಗ ಸಡಿಲಾಗಿ, ಬಂದ ಕೊನೆ ಭುಜಕ್ಕೆ ಬಡಿದು ಬಸಿಗಾಲುವೆಗೆ ಬಿತ್ತು.

ಗೌಡ ಬೈಯಲಿಲ್ಲ. "ಹೆಗಡೇರೆ, ನಾ ಮೇಲಿದ್ದಾಗ ಕೆಳಗಿನ ಕಣ್ಣು ನಿಮ್ದು" ಅಂದ, ಅಷ್ಟೆ. ಭುಜದ ನೋವು ನಾಲ್ಕು ದಿನಕ್ಕೆ ಹೋಯ್ತು. ಆ ಮಾತು ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮ ತೋಟದ ಮರ ಹತ್ತುವ ಮನುಷ್ಯ. ಅವನ ಜೀವ ಮರದ ತುದಿಯಲ್ಲಿರುವಾಗ ನಾನು ಶುಭೋದಯ ನೋಡ್ತಾ ಇದ್ದೆ.

ಮುಂದಿನ ವಾರ ಸಿದ್ದಾಪುರಕ್ಕೆ ಹೋದವ ಒಂದು ಕೀಪ್ಯಾಡ್ ಫೋನು ತಂದೆ. ಸಿಮ್ಮು ಅದಕ್ಕೆ ಹಾಕಿ, ದೊಡ್ಡ ಫೋನನ್ನು ಕಪಾಟಿನಲ್ಲಿಟ್ಟೆ.

ಲಾಭ ಮೊದಲು ಹೇಳ್ತೇನೆ. ನಿಲ್ಕುಂದದ ಕಡೆ ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ. ದೊಡ್ಡ ಫೋನು ಎರಡನೇ ದಿನಕ್ಕೇ ಕಣ್ಣು ಮುಚ್ಚುತ್ತಿತ್ತು, ಇದು ನಾಲ್ಕೈದು ದಿನ ತಡೀತದೆ. ಕೆಸರಿಗೆ ಬಿದ್ದರೂ ಒರೆಸಿ ಕಿಸೆಗೆ ಹಾಕಿದರಾಯ್ತು. ತುದಿಯಲ್ಲಿ ಟಾರ್ಚಿದೆ. 2003ರಲ್ಲಿ ಬಂದ ನೋಕಿಯಾ 1100 ನಮ್ಮ ಹಳ್ಳಿಗಳಲ್ಲಿ ಅಷ್ಟು ಓಡಿದ್ದು ಆ ಟಾರ್ಚಿನಿಂದಲೇ ಅಂತ ನನ್ನ ಎಣಿಕೆ. ಎಲ್ಲಕ್ಕಿಂತ ದೊಡ್ಡ ಲಾಭ, ಹಗ್ಗ ಹಿಡಿದಾಗ ಕಣ್ಣು ಮೇಲೇ ಇರ್ತದೆ.

ಕೊಳೆಗೆ ಔಷಧ ಹೊಡೆಯೋ ಹೊತ್ತಿಗೂ ಅಷ್ಟೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಇದು ಅಪ್ಪನ ಕಾಲದಿಂದ ಗೊತ್ತು. ಆದರೆ ಫೋನಿನಲ್ಲಿ ಮೂರು ಹವಾಮಾನ ನೋಡಿ, ಮೂರೂ ಬೇರೆ ಬೇರೆ ಹೇಳಿ, ಇವತ್ತು ಬೇಡ ನಾಳೆ ಅಂತ ಎರಡು ಹೊಳವು ಕಳಕೊಂಡ ವರ್ಷವೂ ಇದೆ. ಈ ಸಲ ಹೊಳವಾದ ದಿನವೇ ಹೊಡೆಸಿದೆ.

ಇನ್ನು ನಷ್ಟ. ಎಲೆಚುಕ್ಕೆ ಕಂಡಾಗ ಮೊದಲಾದರೆ ಫೋಟೋ ತೆಗೆದು ತಿಳಿದವರಿಗೆ ಕಳಿಸ್ತಿದ್ದೆ. ಈಗ ಸೋಗೆಯ ತುಂಡು ಚೀಲಕ್ಕೆ ಹಾಕ್ಕೊಂಡು ಬಸ್ಸು ಹತ್ತಬೇಕಾಯ್ತು. ಒಂದು ದಿನ ಹೋಯ್ತು. ಅಂಗಳದಲ್ಲಿ ಚಾಲಿ ಒಣಗಿಸಿದ್ದಾಗ ಅಕಾಲ ಮಳೆ ಬಂತು. ಮುನ್ಸೂಚನೆ ಎಲ್ಲರ ಫೋನಿಗೂ ಬಂದಿತ್ತಂತೆ, ನನಗೆ ಇಲ್ಲ. ಪಕ್ಕದ ಮನೆಯವರು ಫೋನು ಮಾಡಿ "ಅಡಿಕೆ ಒಳಗೆ ತಗೊಳ್ಳಿ" ಅಂದಿದ್ದಕ್ಕೆ ಮುಕ್ಕಾಲು ಪಾಲು ಉಳೀತು.

ಇಷ್ಟಕ್ಕೇ ಲೆಕ್ಕ ಮುಗೀತು ಅಂತ ನಾನು ಬೀಗ್ತಾ ಇದ್ದೆ. ಮದುವೆಮನೆಗಳಲ್ಲಿ ಕೀಪ್ಯಾಡ್ ತೆಗೆದು ತೋರಿಸಿದ್ದೂ ಉಂಟು. ಒಂದು ರಾತ್ರಿ ಅಡಿಕೆ ಸುಲೀತಾ ಕೂತಾಗ ನಮ್ಮನೆಯವಳು ತಣ್ಣಗೆ ಹೇಳಿದಳು: "ಫೋನು ಬಿಟ್ಟವರು ನೀವು, ಹೊತ್ತವಳು ನಾನು."

ನಾನು ಅಷ್ಟು ದಿನ ಲೆಕ್ಕ ಮಾಡದೇ ಇದ್ದ ಬಾಬತ್ತು ಅದು. ಆಳಿನ ಪಗಾರ ಈಗ ಯಾರೂ ನೋಟಿನಲ್ಲಿ ಕೇಳೋದಿಲ್ಲ, ಫೋನಿಗೆ ಹಾಕಿ ಅಂತಾರೆ. ಹಾಕೋದು ಅವಳ ಫೋನಿಂದ. ಬೆಂಗಳೂರಿನ ಮಗಳು ಮೊಮ್ಮಗುವನ್ನು ತೋರಿಸೋದು ಅವಳ ಫೋನಿನಲ್ಲಿ. ನನಗೆ ಬರಬೇಕಾದ ಮದುವೆ ಕಾಗದ, ಸಂಘದ ನೋಟೀಸು, ದರದ ಪಟ್ಟಿ ಎಲ್ಲ ಅವಳಿಗೇ ಬರ್ತದೆ, ಅವಳು ಓದಿ ಹೇಳಬೇಕು. ಬೆಳೆ ಸಮೀಕ್ಷೆಯೂ ಅವಳ ತಲೆಗೆ. 2020ರ ಮುಂಗಾರಿನಿಂದ ರೈತನೇ ಆ್ಯಪಿನಲ್ಲಿ ಸಮೀಕ್ಷೆ ಮಾಡಬಹುದು ಅಂತ ಸರ್ಕಾರ ಮಾಡಿತು. ಸರ್ವೆ ನಂಬರಿನ ಒಳಗೇ ನಿಂತು ಫೋಟೋ ತೆಗೀಬೇಕು. ಅದಕ್ಕೂ ವಿಮೆಗೂ ತಾಳೆ ಆಗದಿದ್ದರೆ ವಿಮೆ ದುಡ್ಡಿಗೇ ತೊಡಕು. ರೈತ ನಾನು, ಫೋನು ಹಿಡಕೊಂಡು ಜಿಗಣೆ ಕಚ್ಚಿಸಿಕೊಂಡವಳು ಅವಳು.

ಓಟಿಪಿಯದು ಇನ್ನೊಂದು ನಾಟಕ. ಅವಳು ಮನೆಯಲ್ಲಿ ಅರ್ಜಿ ತುಂಬೋದು, ನಂಬರು ಬರೋದು ನನ್ನ ಕೀಪ್ಯಾಡಿಗೆ. ನಾನು ಸಿಗ್ನಲ್ ಇಲ್ಲದ ತೋಟದ ತಗ್ಗಿನಲ್ಲಿ. ಧರೆ ಹತ್ತಿ ನಿಂತು ಆರು ಅಂಕೆ ಕೂಗಿ ಹೇಳೋದರೊಳಗೆ ಅದರ ಅವಧಿ ಮುಗಿದಿರ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಬದಲಾಗಿದೆ. ಫೋನು ಬಿಡೋದು ವೈರಾಗ್ಯ ಅಂತ ತಿಳೀಬೇಡಿ, ಅದು ಕೆಲಸದ ಹಂಚಿಕೆ. ಬಿಡುವ ಮೊದಲು ಆ ಕೆಲಸ ಯಾರ ಮೇಲೆ ಬೀಳ್ತದೆ ಅಂತ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಗಂಡಸರ ಶಾಂತಿ ಹೆಂಗಸರ ಬೆನ್ನ ಮೇಲೆ ನಿಂತಿರ್ತದೆ.

ನಾವು ಈಗ ಮಾಡಿಕೊಂಡಿದ್ದು ಹೀಗೆ. ಹಿಂದೆ ಲ್ಯಾಂಡ್‌ಲೈನ್ ಇದ್ದ ಜಗಲಿಯ ಗೂಡಿನಲ್ಲೇ ಕಪಾಟಿನ ಆ ದೊಡ್ಡ ಫೋನು, ಬೇರೆ ಸಿಮ್ಮು ಹಾಕಿ. ಅದು ಮನೆಯ ಫೋನು, ಯಾರ ಕಿಸೆಯದೂ ಅಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು ನಾನೇ ಕೂತು ಪಗಾರ ಹಾಕ್ತೇನೆ, ಅರ್ಜಿ ತುಂಬ್ತೇನೆ. ಸಮೀಕ್ಷೆಗೆ ನಾನೇ ಹೋಗ್ತೇನೆ. ಈ ಬರಹವನ್ನೂ ಅಲ್ಲೇ ಕೂತು ಒಂದೇ ಬೆರಳಲ್ಲಿ ಒತ್ತಿದ್ದು. ತೋಟಕ್ಕೆ ಹೋಗೋದು ಕೀಪ್ಯಾಡ್ ಮಾತ್ರ.

ಇನ್ನೊಂದು ಮಾತು ಸರ್ಕಾರಕ್ಕೆ. ಕೀಪ್ಯಾಡಿನವರಿಗೂ ಬಾಗಿಲು ಇಡೋದು ಸಾಧ್ಯ ಅಂತ ನೀವೇ ತೋರಿಸಿದ್ದೀರಿ. ಪಿಎಂ ಕಿಸಾನ್ ವರ್ಷದ 6,000 ರೂಪಾಯಿಗೆ ಇ-ಕೆವೈಸಿ ಮಾಡೋಕೆ ಓಟಿಪಿ ಇದೆ, ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಇದೆ, ಮುಖ ತೋರಿಸೋ ಆ್ಯಪೂ ಇದೆ. ಅಡಿಕೆ ಸುಲಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೂ ಇನ್ನೆರಡು ದಾರಿ ಉಳೀತದೆ. ದುಡ್ಡು ಕಳಿಸೋಕೆ 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಯುಪಿಐ 123ಪೇ ತಂದಿತು, ಇಂಟರ್ನೆಟ್ಟಿಲ್ಲದ ಫೋನಿಂದಲೂ ಆಗ್ತದೆ. ಸಮೀಕ್ಷೆಗೆ ರೈತನಿಗೆ ಆಗದಿದ್ದರೆ ಊರಿನ ಖಾಸಗಿ ನಿವಾಸಿ ಬಂದು ಮಾಡ್ತಾರೆ. ನಮ್ಮೂರಲ್ಲಿ ಇದನ್ನೆಲ್ಲ ಬಲ್ಲವರು ಬೆರಳೆಣಿಕೆಯಷ್ಟು. ಹೊಸ ಯೋಜನೆ ತರುವಾಗ ಆ್ಯಪ್ ಬೇಕಾದರೆ ತನ್ನಿ, ಪಕ್ಕದಲ್ಲೇ ಇನ್ನೊಂದು ಬಾಗಿಲೂ ಇರಲಿ. ಆ ಬಾಗಿಲು ಎಲ್ಲಿದೆ ಅಂತ ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಿ.

ಈ ವರ್ಷದ ಕೊನೆಕೊಯ್ಲು ಮುಂದಿನ ವಾರ ಶುರು. ಗೌಡನಿಗೆ ಫೋನು ಮಾಡಿದ್ದೆ. "ಹಗ್ಗ ಯಾರು ಹಿಡಿಯೋದು?" ಅಂತ ಕೇಳಿದ. ನಾನೇ ಅಂದೆ. ಸ್ವಲ್ಪ ತಡೆದು "ಆಯ್ತು, ಬರ್ತೆ" ಅಂದ.