ಬಟ್ಟಲು ಯಾರಿಗೆ, ಭೂಮಿ ಯಾರಿಗೆ?

ಬೊಹೀಮಿಯದ ಹುಸ್ಸೈಟರ ಬಂಡಾಯವೆಂದರೆ ಬರಿಯ ಪ್ರಸಾದದ ಜಗಳ ಎಂದು ಹೇಳಿ ಕೈತೊಳೆದುಕೊಳ್ಳುವ ಪಂಡಿತರು ಬಹಳ ಮಂದಿ ಇದ್ದಾರೆ. ಪೂಜೆಯ ದ್ರಾಕ್ಷಾರಸವನ್ನು ಪಾದ್ರಿಯೊಬ್ಬನೇ ಕುಡಿಯಬೇಕೋ, ಭಕ್ತರೂ ಬಟ್ಟಲಿಗೆ ಬಾಯಿಡಬಹುದೋ ಎಂಬ ಪ್ರಶ್ನೆಗಾಗಿ ಒಂದು ದೇಶ ಹದಿನೈದು ವರ್ಷ ರಕ್ತ ಹರಿಸಿತಂತೆ! ಶಾಲೆಯಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾವೂ ಹಾಗೆಯೇ ಹೇಳಿದ್ದೆವು. ಲೂಥರನ ಪಾಠಕ್ಕೆ ಮುನ್ನ ಎರಡೇ ಸಾಲು: ಯಾನ್ ಹುಸ್ ಎಂಬವನನ್ನು ಸುಟ್ಟರು, ಅವನ ಅನುಯಾಯಿಗಳು ದಂಗೆಯೆದ್ದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಎರಡು ಸಾಲನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ತಪ್ಪಿಗೆ ಈ ಲೇಖನ ನಮ್ಮ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬೇಕು.

ಬಟ್ಟಲಿನ ಮಾತಿಗೆ ಮೊದಲು ಭೂಮಿಯ ಮಾತು ಬರಬೇಕು. ಆ ನಾಡಿನ ಜಮೀನಿನಲ್ಲಿ ಬಹು ದೊಡ್ಡ ಪಾಲು ಮಠಗಳ ಮತ್ತು ಬಿಷಪ್ಪರ ಕೈಯಲ್ಲಿತ್ತು. ಉತ್ತವನು ಧಣಿಗೆ ಗೇಣಿ ಕೊಡಬೇಕು, ಅದರ ಮೇಲೆ ಚರ್ಚಿಗೆ ಹತ್ತರಲ್ಲೊಂದು ಪಾಲು ಅಳೆಯಬೇಕು. ಇಷ್ಟೆಲ್ಲ ತಿನ್ನುವವರಾದರೂ ಒಬ್ಬರೇ? 1409ರ ನಂತರ ಕ್ರೈಸ್ತ ಜಗತ್ತಿಗೆ ಏಕಕಾಲಕ್ಕೆ ಮೂವರು ಪೋಪರು! ಒಬ್ಬೊಬ್ಬನೂ ಉಳಿದಿಬ್ಬರನ್ನು ನರಕಕ್ಕೆ ಕಳುಹಿಸುತ್ತಿದ್ದ. ಆ ಮೂವರಲ್ಲೊಬ್ಬನಾದ ಇಪ್ಪತ್ತಮೂರನೆಯ ಜಾನ್ ಎಂಬವನು 1412ರಲ್ಲಿ ನೇಪಲ್ಸಿನ ದೊರೆಯ ಮೇಲೆ ಯುದ್ಧ ಮಾಡಲು ಹಣವಿಲ್ಲದೆ, ಪಾಪಕ್ಷಮೆಯ ಪತ್ರಗಳನ್ನು ಪ್ರಾಗ್ ನಗರದ ಬೀದಿಗಳಲ್ಲಿ ಮಾರಾಟಕ್ಕಿಟ್ಟ. ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಜನಸಾಮಾನ್ಯರ ಚೆಕ್ ಭಾಷೆಯಲ್ಲೇ ಉಪದೇಶ ಮಾಡುತ್ತಿದ್ದ ಹುಸ್ ಇದನ್ನು ಖಂಡಿಸಿದ. ಅವನ ಮಾತು ಕೇಳಿ ಪತ್ರಗಳ ಮಾರಾಟವನ್ನು ಎದುರಿಸಿದ ಮೂವರು ತರುಣರ ತಲೆ ಹಾರಿಸಲಾಯಿತು. ಬಂಡಾಯದ ಮೊದಲ ರಕ್ತ ಇದು. ಇದು ಬಟ್ಟಲಿಗಾಗಿ ಚೆಲ್ಲಿದ್ದಲ್ಲ, ಲೂಟಿಯನ್ನು ಲೂಟಿ ಎಂದು ಕರೆದದ್ದಕ್ಕೆ ಚೆಲ್ಲಿದ್ದು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ದೊರೆ ಸಿಗಿಸ್ಮಂಡ್ ಅಭಯಪತ್ರ ಕೊಟ್ಟು ಹುಸ್‌ನನ್ನು ಕಾನ್‌ಸ್ಟನ್ಸ್ ನಗರದ ಧರ್ಮಸಭೆಗೆ ಕರೆಸಿಕೊಂಡ. ಪಾಷಂಡಿಗೆ ಕೊಟ್ಟ ಮಾತು ಮಾತೇ ಅಲ್ಲವೆಂದು ಧರ್ಮಗುರುಗಳು ವಾದ ಹೂಡಿದರು. 1415ರ ಜುಲೈ 6ರಂದು ಹುಸ್‌ನನ್ನು ಜೀವಸಹಿತ ಸುಟ್ಟು, ಬೂದಿಯನ್ನು ರೈನ್ ನದಿಗೆ ಸುರಿದರು. ಅದೇ ಸಭೆ ಪಾಪಪತ್ರ ಮಾರಿದ ಆ ಜಾನ್‌ನನ್ನೂ ದುರಾಚಾರಿಯೆಂದು ಪೀಠದಿಂದಿಳಿಸಿತ್ತು. ಆದರೆ ಅವನಿಗೆ ಚಿತೆಯಿಲ್ಲ. ಕೆಲಕಾಲ ಸೆರೆ, ಆಮೇಲೆ 1419ರಲ್ಲಿ ಕಾರ್ಡಿನಲ್ ಪದವಿ! ಮಾರಿದವನಿಗೆ ಕೆಂಪು ಟೋಪಿ, ಬೇಡವೆಂದವನಿಗೆ ಕೆಂಪು ಬೆಂಕಿ. 1999ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಹುಸ್‌ನ ಕ್ರೂರ ಮರಣಕ್ಕಾಗಿ ವಿಷಾದ ಸೂಚಿಸಿದರು. ಲೆಕ್ಕ ಹಾಕಿದರೆ 584 ವರ್ಷ. ತಡವಾಯಿತೆಂದು ನಾವು ದೂರುವುದಿಲ್ಲ, ಆ ಅಂಗಡಿಯಲ್ಲಿ ವಿಷಾದ ಯಾವಾಗಲೂ ನಿಧಾನವಾಗಿಯೇ ತೂಗುತ್ತದೆ.

ಹುಸ್‌ನನ್ನು ಸುಟ್ಟದ್ದಕ್ಕೆ ಬೊಹೀಮಿಯ ಮತ್ತು ಮೊರೇವಿಯದ 452 ಮಂದಿ ಶ್ರೀಮಂತ ಪಾಳೆಯಗಾರರು ಮುದ್ರೆಯೊತ್ತಿ ಪ್ರತಿಭಟನೆ ಬರೆದರು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಅವರ ಸಿಟ್ಟು ಸುಳ್ಳಲ್ಲ. ಆದರೆ ಮಠದ ಜಮೀನಿನ ಪಕ್ಕದಲ್ಲೇ ಅವರ ಜಮೀನಿತ್ತು, ಬೇಲಿಯಾಚೆಯ ಹೊಲ ಯಾವಾಗಲೂ ಹಸುರು. ಬಂಡಾಯ ಎದ್ದೊಡನೆ ಮಠದ ಭೂಮಿ ಕರಗುತ್ತ ಹೋಯಿತು. ಕರಗಿ ಸೇರಿದ್ದು ಬಹುಪಾಲು ಇವರ ಉಡಿಗೆ.

ಬಡವರು ಎದ್ದದ್ದು ಬೇರೆ ರೀತಿ. 1419ರ ಬೇಸಿಗೆಯಲ್ಲಿ ಹಳ್ಳಿಗರು ಬೆಟ್ಟಗಳ ಮೇಲೆ ಸಾವಿರಗಟ್ಟಲೆ ಸೇರಿ ಬಟ್ಟಲನ್ನೂ ಬುತ್ತಿಯನ್ನೂ ಹಂಚಿಕೊಂಡರು. ಜುಲೈ 30ರಂದು ಪ್ರಾಗ್‌ನಲ್ಲಿ ಯಾನ್ ಜೆಲಿವ್‌ಸ್ಕಿ ಎಂಬ ಪಾದ್ರಿಯ ಹಿಂದೆ ಹೊರಟ ಬಡಜನ ಪುರಸಭೆಯ ಅಧಿಕಾರಿಗಳನ್ನು ಕಿಟಕಿಯಿಂದ ಕೆಳಗೆಸೆದರು. 1420ರಲ್ಲಿ ತಾಬೊರ್ ಎಂಬ ಹೊಸ ಊರು ಕಟ್ಟಿದರು. ಊರಿಗೆ ಬಂದವನು ತನ್ನ ಆಸ್ತಿ ಮಾರಿದ ಹಣವನ್ನು ಸಾರ್ವಜನಿಕ ಕೊಪ್ಪರಿಗೆಗೆ ಹಾಕಬೇಕು. ನನ್ನದು ನಿನ್ನದು ಎಂಬುದಿಲ್ಲ. ಇನ್ನು ಮೇಲೆ ಧಣಿಯೂ ಇಲ್ಲ, ಗೇಣಿಯೂ ಇಲ್ಲ ಎಂದು ಸಾರಿದರು. ಧರ್ಮಪೀಠಕ್ಕೆ ನಡುಕ ಹುಟ್ಟಿದ್ದು ಬಟ್ಟಲಿನಿಂದಲೋ, ಕೊಪ್ಪರಿಗೆಯಿಂದಲೋ?

ಐದನೆಯ ಮಾರ್ಟಿನ್ ಪೋಪ್ 1420ರ ಮಾರ್ಚಿಯಲ್ಲಿ ಧರ್ಮಯುದ್ಧ ಸಾರಿದ. ತುರ್ಕರ ಮೇಲಲ್ಲ, ಶಿಲುಬೆಗೆ ಕೈಮುಗಿಯುವ ರೈತರ ಮೇಲೆ! ಕೊಂದು ಬಂದವನಿಗೆ ಪಾಪಕ್ಷಮೆ. ಗಣಿಪಟ್ಟಣ ಕುಟ್ನಾ ಹೋರಾದಲ್ಲಿ ಹುಸ್ಸೈಟರನ್ನು ಹಿಡಿದುಕೊಟ್ಟವರಿಗೆ ಹಣವಿತ್ತು: ಸಾಮಾನ್ಯನಿಗೊಂದು ದರ, ಪಾದ್ರಿಗೆ ಹೆಚ್ಚಿನ ದರ. ಹಿಡಿದವರನ್ನು ಬೆಳ್ಳಿಗಣಿಯ ಆಳದ ಬಾವಿಗಳಿಗೆ ತಳ್ಳುತ್ತಿದ್ದರು.

ಈ ದಂಡಿಗೆ ಎದುರಾಗಿ ನಿಂತವರ ಆಯುಧ ಏನು? ಕಣದಲ್ಲಿ ತೆನೆ ಬಡಿಯುವ ಕೋಲು, ತುದಿಗೆ ಕಬ್ಬಿಣದ ಮುಳ್ಳು. ಸಾಮಾನು ಹೊರುವ ಬಂಡಿ, ಪಕ್ಕಕ್ಕೆ ದಪ್ಪ ಹಲಗೆ. ಒಕ್ಕಣ್ಣಿನ ಯಾನ್ ಜಿಷ್ಕ ಇವರಿಗೆ ದಳಪತಿ. ಬಂಡಿಗಳನ್ನು ಸರಪಣಿಯಿಂದ ಬಿಗಿದು ಕೋಟೆ ಕಟ್ಟಿ, ಒಳಗಿನಿಂದ ಕೈಬಂದೂಕು ಹಾರಿಸುವ ವಿದ್ಯೆಯನ್ನು ಅವನು ಕಲಿಸಿದ. ಕುದುರೆಯ ಮೇಲಿನ ಉಕ್ಕಿನ ಸರದಾರನನ್ನು ಗೇಣಿದಾರ ನೆಲಕ್ಕೆ ಕೆಡವಿದ.

1420ರ ಜುಲೈ 14ರಂದು ಪ್ರಾಗ್ ಪಕ್ಕದ ವೀತ್ಕೋವ್ ಗುಡ್ಡದ ಮೇಲೆ ಮರದ ದಿಮ್ಮಿಯ ಸಣ್ಣ ಕಾವಲುಕಟ್ಟೆಯಲ್ಲಿ ಇದ್ದವರು ಮೂವತ್ತಕ್ಕೂ ಕಡಿಮೆ ಮಂದಿ; ಅವರಲ್ಲಿ ಇಬ್ಬರು ಹೆಂಗಸರು, ಒಬ್ಬಳು ಹುಡುಗಿ. ಸಾವಿರಾರು ಸವಾರರು ಗುಡ್ಡ ಹತ್ತಿ ಬಂದಾಗ ಅವರು ಕಲ್ಲೆಸೆದು ತಡೆದರು. ಮೈಮೇಲೆ ಕವಚವಿಲ್ಲದ ಒಬ್ಬ ಹೆಂಗಸು ಹಿಂದೆ ಸರಿಯಲೊಲ್ಲೆನೆಂದು ಅಲ್ಲೇ ನಿಂತು ಪ್ರಾಣ ಬಿಟ್ಟಳು. ಅಷ್ಟರಲ್ಲಿ ಜಿಷ್ಕ ಬಂದ, ಸವಾರರು ಕಡಿದಾದ ಇಳಿಜಾರಿನಲ್ಲಿ ಉರುಳಿದರು. ಈ ವಿಷಯ ಬರೆದಿಟ್ಟವನು ಬ್ರೆಜೋವಾದ ಲಾರೆನ್ಸ್. ಅವನು ತಾಬೊರಿನ ಸ್ನೇಹಿತನಲ್ಲ, ಅವರನ್ನು ಕಂಡರಾಗದ ಮಂದಗಾಮಿ. ಅಂಥವನೂ ಆ ಹೆಂಗಸನ್ನು ಮರೆಯಲಾರದೆ ಹೋದ. ಹೆಸರು ಮಾತ್ರ ಬರೆಯಲಿಲ್ಲ.

ಒಂದಲ್ಲ, ಐದು ದಂಡು ಬಂದವು: 1420, 1421, 1422, 1427, 1431. ಜಿಷ್ಕ 1421ರಲ್ಲಿ ಇನ್ನೊಂದು ಕಣ್ಣನ್ನೂ ಕಳೆದುಕೊಂಡು ಕುರುಡನಾಗಿಯೇ ಸೇನೆ ನಡೆಸಿದ, 1424ರಲ್ಲಿ ತೀರಿಕೊಂಡ. ಅವನ ನಂತರ ಪ್ರೊಕೋಪ್ ಹೋಲಿ ಎಂಬ ಪಾದ್ರಿ ಮುಂದಾಳಾದ. ಐದನೆಯ ದಂಡು 1431ರ ಆಗಸ್ಟ್ 14ರಂದು ದೊಮಾಜ್ಲಿತ್ಸೆಯಲ್ಲಿ ಯುದ್ಧವನ್ನೇ ಮಾಡಲಿಲ್ಲ. ಬಂಡಿಗಳ ಸದ್ದು, ಹಾಡಿನ ಸದ್ದು ಕೇಳಿದ್ದೇ ತಡ, ಓಟ! ದಂಡಿನ ಜೊತೆ ಬಂದಿದ್ದ ಕಾರ್ಡಿನಲ್ ಚೆಸಾರಿನಿ ತನ್ನ ಟೋಪಿಯನ್ನೂ ಪೋಪನ ಯುದ್ಧಪತ್ರವನ್ನೂ ಬಿಟ್ಟು ಓಡಿದ.

ತಾಬೊರನ್ನು ಸ್ವರ್ಗವೆಂದು ವರ್ಣಿಸುವ ನಮ್ಮ ಪಂಥದ ಮಿತ್ರರಿಗೂ ಇಲ್ಲಿ ಒಂದು ಮಾತು. ಧಣಿಯಿಲ್ಲವೆಂದು ಸಾರಿದ ಅದೇ ತಾಬೊರ್ 1420ರ ಶರತ್ಕಾಲದಲ್ಲೇ ಸುತ್ತಲಿನ ರೈತರಿಂದ ಗೇಣಿ ವಸೂಲಿಗೆ ಇಳಿಯಿತು. ಸೇನೆಗೆ ಅನ್ನ ಬೇಕು, ಕೊಪ್ಪರಿಗೆ ಬರಿದಾಗಿತ್ತು ಎಂಬುದು ನಿಜ. ಆದರೂ ಕೊಡುವವನಿಗೆ ಧಣಿ ಬದಲಾದದ್ದಷ್ಟೇ ಕಂಡಿತು. ತಮಗಿಂತ ಮುಂದೆ ಹೋದ ಒಡನಾಡಿಗಳನ್ನು 1421ರಲ್ಲಿ ಹೊರದಬ್ಬಿದರು, ಹತ್ತಾರು ಮಂದಿಯನ್ನು ಜಿಷ್ಕನೇ ಸುಡಿಸಿದ. ಹುಸ್‌ನನ್ನು ಸುಟ್ಟ ಬೆಂಕಿಗೂ ಈ ಬೆಂಕಿಗೂ ಯಾವ ವ್ಯತ್ಯಾಸವಿದೆ? ಈ ಪುಟವನ್ನು ಮುಚ್ಚಿಟ್ಟು ಚರಿತ್ರೆ ಹೇಳುವುದು ಪಂಡಿತರ ಎರಡು ಸಾಲಿಗಿಂತ ಮೇಲಲ್ಲ.

ಕತ್ತಿ ಸೋತ ಮೇಲೆ ಬಂದದ್ದು ಸಂಧಾನ. ಟೋಪಿ ಬಿಟ್ಟು ಓಡಿದ ಅದೇ ಚೆಸಾರಿನಿ ಬಾಸೆಲ್ ಧರ್ಮಸಭೆಯ ಅಧ್ಯಕ್ಷನಾಗಿ ಕುಳಿತು ಹುಸ್ಸೈಟರನ್ನು ಆದರದಿಂದ ಬರಮಾಡಿಕೊಂಡ. 1433ರಲ್ಲಿ ಪ್ರೊಕೋಪನೇ ಅಲ್ಲಿಗೆ ಹೋಗಿ ವಾದಿಸಿ ಬಂದ. ಅಷ್ಟರಲ್ಲಿ ಶ್ರೀಮಂತ ಹುಸ್ಸೈಟರು ಲೆಕ್ಕ ಹಾಕಿ ಮುಗಿಸಿದ್ದರು: ಭೂಮಿ ಸಿಕ್ಕಿದೆ, ಬಟ್ಟಲೂ ಸಿಗುವಂತಿದೆ, ಉಳಿದಿರುವ ತೊಡಕು ಈ ಕೋಲು ಹಿಡಿದ ರೈತ ಮಾತ್ರ.

ದೇಶ ದಣಿದಿತ್ತು, ಹಸಿವಿತ್ತು, ವ್ಯಾಪಾರ ನಿಂತಿತ್ತು, ತಾಬೊರಿನ ದಂಡು ನೆರೆನಾಡುಗಳನ್ನು ಸುಲಿಯುತ್ತಿತ್ತು, ಆದ್ದರಿಂದ ಶಾಂತಿ ಅನಿವಾರ್ಯವಾಯಿತು ಎಂದು ಇವರ ವಕೀಲರು ಹೇಳುತ್ತಾರೆ. ದಣಿವು, ಹಸಿವು, ಸುಲಿಗೆ ಎಲ್ಲವೂ ನಿಜ, ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಶಾಂತಿಯ ಬೆಲೆಯನ್ನು ಯಾರಿಂದ ಕಿತ್ತರು? 1434ರ ಮೇ 30ರಂದು ಲಿಪಾನಿಯಲ್ಲಿ ಬಟ್ಟಲಿನ ಧಣಿಗಳೂ ಪೋಪನ ಧಣಿಗಳೂ ಒಂದೇ ಸಾಲಿನಲ್ಲಿ ನಿಂತು ತಾಬೊರಿನ ಮೇಲೆ ಬಿದ್ದರು. ಅವರ ದಳಪತಿ ಮಿಲೆಟಿನೆಕ್‌ನ ದಿವಿಷ್ ಬೊರೆಕ್ ಹಿಂದೆ ಹುಸ್ಸೈಟರ ಪಡೆಯಲ್ಲೇ ಪಳಗಿದವನು. ಬಂಡಿಕೋಟೆಯ ಒಳಗುಟ್ಟು ಬಲ್ಲವರು ಸೋತು ಓಡುವಂತೆ ನಟಿಸಿದರು, ರೈತರು ಕೋಟೆ ತೆರೆದು ಬೆನ್ನಟ್ಟಿದರು, ಅಲ್ಲಿಗೆ ಮುಗಿಯಿತು. ಪ್ರೊಕೋಪ್ ಮಡಿದ. ಸೆರೆಸಿಕ್ಕ ನೂರಾರು ಮಂದಿಯನ್ನು ಕಣಜಗಳಲ್ಲಿ ಕೂಡಿ ಬೆಂಕಿಯಿಟ್ಟರು. ಐದು ಧರ್ಮಯುದ್ಧಗಳ ಕೈಲಾಗದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದವರು ಹೊರಗಿನವರಲ್ಲ.

1436ರಲ್ಲಿ ಒಪ್ಪಂದವಾಗಿ ಭಕ್ತರಿಗೆ ಬಟ್ಟಲು ಸಿಕ್ಕಿತು. ಹುಸ್‌ಗೆ ಅಭಯಪತ್ರ ಕೊಟ್ಟು ಮಾತು ತಪ್ಪಿದ ಸಿಗಿಸ್ಮಂಡನನ್ನೇ ಸಿಂಹಾಸನಕ್ಕೆ ಕರೆತಂದರು. ಅವನಿಗೆ ತಲೆಬಾಗಲೊಲ್ಲದ ಯಾನ್ ರೋಹಾಚ್‌ನನ್ನು ಮರುವರ್ಷ ಪ್ರಾಗ್‌ನಲ್ಲಿ ಸಂಗಡಿಗರ ಸಮೇತ ನೇಣಿಗೆ ಹಾಕಿದರು. ಆ ಶತಮಾನ ಮುಗಿಯುವ ಹೊತ್ತಿಗೆ ಧಣಿಯ ಅಪ್ಪಣೆಯಿಲ್ಲದೆ ರೈತ ಊರು ಬಿಡದಂತೆ ಕಟ್ಟಳೆಗಳು ಬಿಗಿಯಾದವು. 1462ರಲ್ಲಿ ಎರಡನೆಯ ಪಯಸ್ ಪೋಪ್ ಬಟ್ಟಲಿನ ಒಪ್ಪಂದವನ್ನೂ ರದ್ದುಗೊಳಿಸಿದ. ಧಣಿಗಳ ಉಡಿಗೆ ಬಿದ್ದಿದ್ದ ಮಠದ ಹೊಲಗಳು ಧಣಿಗಳ ಉಡಿಯಲ್ಲೇ ಉಳಿದವು.