ಸಾಂದ್ರತೆ ಅಳೆದದ್ದು ಸಾಕು, ಮುರಿತ ಎಣಿಸೋಣ

‘ಉಚಿತ ಮೂಳೆ ಸಾಂದ್ರತೆ ತಪಾಸಣೆ ಶಿಬಿರ’ ಎಂಬ ಬ್ಯಾನರ್ ಈಗ ಬೆಂಗಳೂರಿನ ಬಡಾವಣೆಗಳಿಗಷ್ಟೇ ಸೀಮಿತವಲ್ಲ. ಸಣ್ಣ ಪೇಟೆಗಳಿಗೂ ಬಂದಿದೆ. ಹಿಮ್ಮಡಿಗೆ ಜೆಲ್ ಸವರಿ, ಪುಟ್ಟ ಯಂತ್ರದೊಳಗೆ ಪಾದ ಇಡಿಸುತ್ತಾರೆ. ಎರಡು ನಿಮಿಷಕ್ಕೆ ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಮೈನಸ್ ಹಾಕಿದ ಒಂದು ಅಂಕಿ. ‘ಮೂಳೆ ಸವೆದಿದೆ ಅಮ್ಮ, ಕ್ಯಾಲ್ಸಿಯಂ ತಗೊಳ್ಳಿ’ ಎಂಬಲ್ಲಿಗೆ ತಪಾಸಣೆ ಮುಗಿಯಿತು, ಮೆಡಿಕಲ್ ಶಾಪ್‌ನ ವ್ಯಾಪಾರ ಶುರುವಾಯಿತು.

ಆ ಅಂಕಿಗೆ ನಾವು ಕೊಡುತ್ತಿರುವ ಬೆಲೆ ಹೆಚ್ಚಾಯಿತು ಎಂಬುದೇ ನನ್ನ ತಕರಾರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1994ರಲ್ಲಿ ಆಸ್ಟಿಯೊಪೊರೊಸಿಸ್‌ಗೆ ಗೆರೆ ಎಳೆದರು: ಟಿ-ಸ್ಕೋರ್ (ತರುಣ ವಯಸ್ಸಿನವರ ಸರಾಸರಿಗೆ ಹೋಲಿಸಿ ಕೊಡುವ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಆ ಗೆರೆ ಸೊಂಟ ಮತ್ತು ಬೆನ್ನುಮೂಳೆಯನ್ನು ಎಕ್ಸ್‌ರೇಯಿಂದ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಹೊಂದುತ್ತದೆಯೇ ಹೊರತು ಹಿಮ್ಮಡಿಯ ಅಲ್ಟ್ರಾಸೌಂಡ್‌ಗೆ ಅಲ್ಲ. ಜೊತೆಗೆ, ಹೋಲಿಕೆಗೆ ಇಟ್ಟುಕೊಂಡದ್ದು ಬಿಳಿಯ ತರುಣಿಯರ ಸರಾಸರಿಯನ್ನು. ಡೆಕ್ಸಾ ಯಂತ್ರ ಮೂಳೆಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಣ್ಣ ಮೈಕಟ್ಟಿನವರ ಮೂಳೆ ಚೆನ್ನಾಗಿದ್ದರೂ ಕಡಿಮೆ ಅಂಕ ತೋರಿಸುತ್ತದೆ. ಭಾರತೀಯರಿಗೆ ಬೇರೆ ಅಳತೆ ಬೇಕೆಂದೇ ಐಸಿಎಂಆರ್ 2010ರಲ್ಲಿ ನಮ್ಮವರದೇ ಮಾನದಂಡ ಪ್ರಕಟಿಸಿತು. ಶಿಬಿರದ ಯಂತ್ರಕ್ಕೆ ಯಾವ ಮಾನದಂಡ ತುಂಬಿದ್ದಾರೆ ಎಂದು ಕೇಳಿ ನೋಡಿ. ಉತ್ತರ ಸಿಕ್ಕರೆ ನಿಮ್ಮ ಪುಣ್ಯ.

ಸರಿಯಾದ ಯಂತ್ರದಲ್ಲಿ, ಸರಿಯಾಗಿ ಅಳೆದರೂ ಸಾಂದ್ರತೆ ಮೋಸ ಮಾಡಬಲ್ಲದು. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ಮುಟ್ಟು ನಿಂತ, ಮೂಳೆ ಟೊಳ್ಳಾದ 202 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟಿದ್ದರು. ಅವರ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತು. ಯಾವ ಕ್ಯಾಲ್ಸಿಯಂ ಮಾತ್ರೆಯೂ ಅಷ್ಟು ಏರಿಸುವುದಿಲ್ಲ. ಆದರೆ ಬೆನ್ನುಮೂಳೆಯ ಮುರಿತ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಕೈಕಾಲು, ಸೊಂಟದಂಥ ಬೇರೆ ಮೂಳೆಗಳು ಮುರಿದದ್ದು ಫ್ಲೋರೈಡ್ ಪಡೆಯದವರಿಗಿಂತ ಮೂರು ಪಟ್ಟು. ಅಂಕಿ ಏರಿತ್ತು, ಮೂಳೆ ಪೆಡಸಾಗಿತ್ತು.

ಈ ಪಾಠ ಕರ್ನಾಟಕಕ್ಕೆ ಪುಸ್ತಕದಲ್ಲಿ ಓದುವಂಥದ್ದಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡ್ ನೀರನ್ನೇ ಕುಡಿದು ಬೆನ್ನು ಬಾಗಿದವರು, ಕೀಲು ಬಿಗಿದವರು ಇದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರನ್ನು ಸ್ಕ್ಯಾನ್ ಯಂತ್ರದ ಕೆಳಗೆ ಮಲಗಿಸಿದರೆ ‘ಸಾಂದ್ರತೆ ಉತ್ತಮ’ ಎಂಬ ವರದಿ ಬಂದರೂ ಬಂದೀತು.

ವಿಟಮಿನ್ ಡಿ ಕಥೆಯೂ ಇದೇ ಜಾಡಿನದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಸುಮಾರು 560 ಗರ್ಭಿಣಿಯರ ರಕ್ತ ಪರೀಕ್ಷಿಸಿದಾಗ ಮೂವರಲ್ಲಿ ಇಬ್ಬರಿಗೆ ಕೊರತೆ ಕಂಡಿತ್ತು. ವರದಿ ಪ್ರಕಟವಾದದ್ದು 2009ರಲ್ಲಿ. ವರ್ಷವಿಡೀ ಬಿಸಿಲಿರುವ ಊರಿನ ಮಾತಿದು. ಹಾಗಾದರೆ ಎಲ್ಲರಿಗೂ ಮಾತ್ರೆ ನುಂಗಿಸಿದರೆ ಮೂಳೆ ಮುರಿಯುವುದು ನಿಲ್ಲುತ್ತದೆಯೇ? ಅಮೆರಿಕದಲ್ಲಿ 25,871 ಆರೋಗ್ಯವಂತರ ಮೇಲೆ ನಡೆದ ‘ವೈಟಲ್’ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಕೊಟ್ಟರೂ ಮುರಿತ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಅದಕ್ಕೂ ಮೂವತ್ತು ವರ್ಷ ಹಿಂದೆ ಫ್ರಾನ್ಸ್‌ನ ವೃದ್ಧಾಶ್ರಮಗಳಲ್ಲಿ 3,270 ಮುದುಕಿಯರ ಪೈಕಿ ಅರ್ಧದಷ್ಟು ಮಂದಿಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಎರಡನ್ನೂ ಕೊಟ್ಟಾಗ ಅವರಲ್ಲಿ ಸೊಂಟದ ಮುರಿತ ಗಣನೀಯವಾಗಿ ತಗ್ಗಿತ್ತು. ಎರಡೂ ಸತ್ಯವೇ. ಗಟ್ಟಿಮುಟ್ಟಾಗಿದ್ದವರಿಗೆ ಮಾತ್ರೆಯಿಂದ ಲಾಭವಾಗಲಿಲ್ಲ, ಬಿಸಿಲು ಕಾಣದೆ ಕೃಶವಾಗಿದ್ದವರಿಗೆ ಆಯಿತು. ನಮ್ಮವರು ಯಾವ ಗುಂಪಿಗೆ ಹತ್ತಿರ ಎಂಬುದು ರಕ್ತದ ವರದಿಯಿಂದ ತಿಳಿಯುವುದಿಲ್ಲ. ಯಾರ ಮೂಳೆ, ಯಾವ ವಯಸ್ಸಿನಲ್ಲಿ, ಹೇಗೆ ಮುರಿಯುತ್ತಿದೆ ಎಂಬ ಲೆಕ್ಕ ಬೇಕು. (ರಾಗಿಯ ವಿಷಯಕ್ಕೂ ಇದೇ ಮಾತು. ನೂರು ಗ್ರಾಂನಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಹೈದರಾಬಾದಿನ ಪೋಷಣಾ ಸಂಸ್ಥೆಯ ಪಟ್ಟಿ ಹೇಳುತ್ತದೆ. ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದು ರಾಗಿಯಲ್ಲೇ ಇದ್ದು ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್‌ನ ಕೈಲಿದೆ. ಮೊಳಕೆ ಕಟ್ಟಿ ಹುರಿಹಿಟ್ಟು ಮಾಡುತ್ತಿದ್ದ ಅಜ್ಜಿಯರು ಆ ಫೈಟೇಟನ್ನು ತಗ್ಗಿಸುತ್ತಿದ್ದರು.)

ಮುರಿತದ ಆ ಲೆಕ್ಕ ಎಲ್ಲಿದೆ? ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಶಿವಗಂಗೆ ಬೆಟ್ಟ, ಸುತ್ತ ರಾಗಿ ಹೊಲ, ಹಸು ಕಟ್ಟಿದ ಮನೆಗಳು. ಇನ್ನೊಂದು ಕಡೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ಗೋದಾಮು, ಹೆದ್ದಾರಿ. ಅರವತ್ತರ ಹೆಂಗಸೊಬ್ಬಳು ಬೆಳಗಿನ ಹಾಲು ಕರೆಯಲು ಹೋಗಿ ಕೊಟ್ಟಿಗೆಯ ಗಂಜಲದಲ್ಲಿ ಜಾರಿ, ಅಂಗೈ ಊರಿ ಬಿದ್ದಳೆಂದುಕೊಳ್ಳಿ. ಮಣಿಕಟ್ಟು ಮುರಿಯುತ್ತದೆ. ಮನೆಯವರು ತುಮಕೂರಿಗೆ ಕರೆದೊಯ್ದರೆ ಲೆಕ್ಕ ಆ ಜಿಲ್ಲೆಗೆ. ನೆಲಮಂಗಲಕ್ಕೆ ಒಯ್ದರೆ ಈ ಜಿಲ್ಲೆಗೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಾದರೆ ಅಲ್ಲಿನ ಬಿಲ್ಲಿನಲ್ಲಿ. ಆದರೆ ಬಹಳಷ್ಟು ಮನೆಗಳಲ್ಲಿ ಮೊದಲು ಬಾಯಿಗೆ ಬರುವ ಮಾತು ‘ಪುತ್ತೂರು ಕಟ್ಟು ಹಾಕಿಸೋಣ’ ಎಂಬುದು. ಆಂಧ್ರದ ತಿರುಪತಿ ಜಿಲ್ಲೆಯ ಪುತ್ತೂರಿನ ಹೆಸರಿನ ಫಲಕಗಳು ನಮ್ಮ ಕಡೆ ಎಲ್ಲೆಲ್ಲೂ ಇವೆ. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರು ದಬ್ಬೆ, ಬಟ್ಟೆ ಸೇರಿಸಿ ಕಟ್ಟಿ ಕಳಿಸುತ್ತಾರೆ. ಸರ್ಕಾರದ ಯಾವ ಪುಸ್ತಕದಲ್ಲೂ ಆ ಮುರಿತ ಇಲ್ಲ.

ದೇಶದ ಸ್ಥಿತಿಯೂ ಬೇರೆಯಲ್ಲ. ಭಾರತದಲ್ಲಿ ಸೊಂಟದ ಮುರಿತ ಎಷ್ಟು ಎಂದರೆ ತಜ್ಞರು ಮತ್ತೆ ಮತ್ತೆ ಹೇಳುವುದು ಹರಿಯಾಣದ ರೋಹ್ಟಕ್ ಜಿಲ್ಲೆಯ ಅಧ್ಯಯನವನ್ನು: ಐವತ್ತು ದಾಟಿದ ಲಕ್ಷ ಜನರಲ್ಲಿ ವರ್ಷಕ್ಕೆ 129. ಗೋಧಿ ಉಂಡು ಹಾಲು ಕುಡಿಯುವ ಜಾಟರ ನಾಡಿನ ಅಂಕಿಯನ್ನು ಮುದ್ದೆ ಉಣ್ಣುವ ಬಯಲುಸೀಮೆಗೆ ಅಂಟಿಸಿಕೊಂಡು ನೀತಿ ಮಾಡಲು ಬರುವುದಿಲ್ಲ.

ಮಣಿಕಟ್ಟಿನ ಮುರಿತ ವಾಸಿಯಾಗುತ್ತದೆ, ಅದರದ್ದೇನು ದೊಡ್ಡ ವಿಷಯ ಎನ್ನಬಹುದು. ವೈದ್ಯಕೀಯವಾಗಿ ಅದೇ ದೊಡ್ಡ ವಿಷಯ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಒಂದು ಮೂಳೆ ಮುರಿದವರಿಗೆ ಮತ್ತೊಂದು ಮುರಿಯುವ ಸಾಧ್ಯತೆ ಉಳಿದವರ ಸುಮಾರು ಎರಡರಷ್ಟು. ಐವತ್ತೈದಕ್ಕೆ ಮಣಿಕಟ್ಟು, ಎಪ್ಪತ್ತಕ್ಕೆ ಸೊಂಟ ಎಂಬುದು ಮೂಳೆ ವೈದ್ಯರಿಗೆ ಚಿರಪರಿಚಿತ ದಾರಿ. ಈ ದಾರಿಯ ನಡುವೆ ತಡೆಯಲು ಔಷಧ ಇದೆ. ಸೊಂಟದ ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ, ಆಮೇಲೆ ವರ್ಷಕ್ಕೊಮ್ಮೆ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ ಕೊಟ್ಟ ಪ್ರಯೋಗದಲ್ಲಿ ಹೊಸ ಮುರಿತಗಳು ಶೇ 35ರಷ್ಟು, ಸಾವು ಶೇ 28ರಷ್ಟು ಕಡಿಮೆಯಾದವು. ವರದಿ ಬಂದದ್ದು 2007ರಲ್ಲಿ. ಕೊಡುವ ಮುನ್ನ ಮೂತ್ರಪಿಂಡ ಪರೀಕ್ಷಿಸಬೇಕು, ವಿಟಮಿನ್ ಡಿ ಕೊರತೆ ಸರಿಪಡಿಸಬೇಕು. ರಕ್ತಪರೀಕ್ಷೆಗೂ ವಿಟಮಿನ್ ಡಿ ಸ್ಯಾಚೆಟ್‌ಗೂ ನಿಜವಾದ ಜಾಗ ಅಲ್ಲಿದೆ, ಬಸ್ ನಿಲ್ದಾಣದ ಶಿಬಿರದಲ್ಲಲ್ಲ. ಮುರಿದವರು ಯಾರೆಂದೇ ಗೊತ್ತಿಲ್ಲದಿದ್ದರೆ ಡ್ರಿಪ್ ಯಾರಿಗೆ ಹಾಕುವುದು?

ರೋಗ ಎಣಿಸುವ ಕಲೆ ಬೆಂಗಳೂರಿಗೆ ಹೊಸದೂ ಅಲ್ಲ. ಕಿದ್ವಾಯಿ ಸಂಸ್ಥೆ 1982ರಿಂದ ಈ ನಗರದ ಕ್ಯಾನ್ಸರ್ ನೋಂದಣಿಯನ್ನು ನಡೆಸುತ್ತಿದೆ. ಆಸ್ಪತ್ರೆ ಆಸ್ಪತ್ರೆಗೆ ಸಿಬ್ಬಂದಿ ಕಳಿಸಿ, ದಾಖಲೆ ತಿರುವಿ ಹಾಕಿ ಲೆಕ್ಕ ಕೂಡಿಸುವ ಕೆಲಸ ಅದು. ಮೂಳೆ ಮುರಿತಕ್ಕೂ ಅಂಥದ್ದನ್ನು ಒಂದು ಹೋಬಳಿಯಲ್ಲಿ, ಎರಡು ವರ್ಷದ ಮಟ್ಟಿಗೆ ಮಾಡಿ ನೋಡಬಹುದು. ಐವತ್ತು ದಾಟಿದವರದು ಮಾತ್ರ, ಮಣಿಕಟ್ಟು ಮತ್ತು ಸೊಂಟ ಮಾತ್ರ. ಆಶಾ ಕಾರ್ಯಕರ್ತೆಯರ ತಲೆಗೆ ಇನ್ನೊಂದು ರಿಜಿಸ್ಟರ್ ಕಟ್ಟುವುದು ಬೇಡ. ಅವರ ಮೊಬೈಲ್‌ನಲ್ಲಿ ಈಗಿರುವ ಆ್ಯಪ್‌ಗಳೇ ಹೆಚ್ಚಾಗಿವೆ. ಪುತ್ತೂರು ಕಟ್ಟಿನವರು ಲೆಕ್ಕ ಕೊಡುತ್ತಾರೆಯೇ ಎಂಬ ಅನುಮಾನ ಸಹಜ. ಪರವಾನಗಿ ಕೇಳಲು ಬಂದರೆಂದು ಬಾಗಿಲು ಹಾಕಿಯಾರು. ಆದರೆ ಅವರಲ್ಲೂ ಅನೇಕರು ಈಗ ಕಟ್ಟು ಹಾಕುವ ಮೊದಲು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎನ್ನುತ್ತಾರೆ. ಹಾಗಾಗಿ ಎಣಿಕೆ ಶುರುವಾಗಬೇಕಾದದ್ದು ಎಕ್ಸ್‌ರೇ ಸೆಂಟರ್‌ಗಳಲ್ಲಿ. ಹೆಸರು, ವಯಸ್ಸು, ಊರು, ಯಾವ ಮೂಳೆ ಎಂಬುದನ್ನು ಅಲ್ಲಿ ಹೇಗೂ ಬರೆದುಕೊಳ್ಳುತ್ತಾರೆ. ‘ಹೇಗೆ ಬಿದ್ದಿರಿ?’ ಎಂಬ ಒಂದು ಕಾಲಂ ಸೇರಿಸಿ, ತಿಂಗಳಿಗೊಮ್ಮೆ ಅದರ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ತರಿಸಿಕೊಳ್ಳಲು ಒಂದು ಸುತ್ತೋಲೆ ಸಾಕು.