ಮೊಟ್ಟೆಗೊಂದು ವಿಳಾಸ

ಅಂಗಡಿಯಲ್ಲಿ ಕೊಳ್ಳುವ ಪದಾರ್ಥಗಳಲ್ಲೆಲ್ಲ ಮೊಟ್ಟೆಯಷ್ಟು ಮೌನಿಯಾದುದು ಬೇರೊಂದಿಲ್ಲ. ಅಕ್ಕಿಯನ್ನು ಕೊಳ್ಳುವಾಗ ಅದರ ತಳಿಯನ್ನು ಕೇಳುತ್ತೇವೆ. ಬೆಲ್ಲ ಯಾವ ಆಲೆಮನೆಯದೆಂದು ವಿಚಾರಿಸುವವರು ನಮ್ಮ ಮಂಡ್ಯದ ಸೀಮೆಯಲ್ಲಿ ಈಗಲೂ ಇದ್ದಾರೆ. ಹಾಲಿನ ಪೊಟ್ಟಣದ ಬಣ್ಣ ನೋಡಿಯೇ ಅದು ಗಟ್ಟಿ ಹಾಲೋ ತೆಳು ಹಾಲೋ ಎಂದು ಹೇಳಬಲ್ಲೆವು. ಮೊಟ್ಟೆಯ ವಿಷಯದಲ್ಲಿ ಮಾತ್ರ "ಎಷ್ಟಕ್ಕೆ?" ಎಂಬ ಒಂದೇ ಪ್ರಶ್ನೆಯಲ್ಲಿ ವ್ಯವಹಾರ ಮುಗಿದುಹೋಗುತ್ತದೆ. ಅದನ್ನಿಟ್ಟ ಕೋಳಿ ಎಲ್ಲಿತ್ತು, ಹೇಗಿತ್ತು, ರೆಕ್ಕೆ ಬಿಚ್ಚುವಷ್ಟು ಜಾಗ ಅದಕ್ಕಿತ್ತೆ ಎಂಬುದನ್ನು ಕೊಳ್ಳುವವನು ಕೇಳುವುದಿಲ್ಲ. ಕೇಳಿದರೂ ಮಾರುವವನು ಹೇಳಲಾರ. ಹತ್ತಾರು ಫಾರಂಗಳ ಮೊಟ್ಟೆಗಳು 30ರ ಟ್ರೇಗಳಲ್ಲಿ ಬಂದು ಅಂಗಡಿ ಸೇರುವ ಹೊತ್ತಿಗೆ ಎಲ್ಲವೂ ಒಂದೇ ಆಗಿರುತ್ತವೆ. ಮೊಟ್ಟೆಯ ಚಿಲ್ಲರೆ ಮಾರಾಟವನ್ನು ಕೋಳಿಯ ಸುಖದುಃಖಕ್ಕೆ ಹೊಂದಿಸಿ ಕಟ್ಟುಪಾಡಿಗೆ ಒಳಪಡಿಸಬೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ವಿನೋದವೆನಿಸಬಹುದು. ಸ್ವಲ್ಪ ನಿಂತು ಯೋಚಿಸಿದರೆ ಅದು ವಿನೋದವಲ್ಲವೆಂಬುದು ತಿಳಿಯುತ್ತದೆ.

ಹಕ್ಕಿಗಳ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಹೆಸರುಂಟು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿಯೇ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಧಾಮವಿದೆ. ನವಿಲಿನ ಮೈಮುಟ್ಟಿದವನನ್ನು 1972ರ ವನ್ಯಜೀವಿ ಕಾಯಿದೆ ಸುಮ್ಮನೆ ಬಿಡುವುದಿಲ್ಲ. ಇದೆಲ್ಲವೂ ಹೆಮ್ಮೆಯ ಸಂಗತಿಯೇ. ಆದರೆ ದಿನನಿತ್ಯ ನಮ್ಮ ಮಕ್ಕಳಿಗೆ ಆಹಾರ ಕೊಡುವ ಹಕ್ಕಿ ನವಿಲೂ ಅಲ್ಲ, ಕೊಕ್ಕರೆಯೂ ಅಲ್ಲ. ಅದರ ಪಾಲಿಗೆ ಯಾವ ಧಾಮವೂ ಇಲ್ಲ.

ಹಿತ್ತಲಿನ ಹೇಟೆಯನ್ನು ನೋಡಿದವರಿಗೆ ಅದರ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ತಿಪ್ಪೆಯನ್ನು ಕೆದರುವುದು, ಮಣ್ಣಿನಲ್ಲಿ ಹೊರಳುವುದು, ಇರುಳಾದರೆ ಎತ್ತರದಲ್ಲಿ ಕೂರುವುದು, ಮೊಟ್ಟೆಯಿಡುವ ಹೊತ್ತಿಗೆ ಒಂದು ಮರೆಯನ್ನು ಹುಡುಕುವುದು – ಇಷ್ಟೇ ಅದರ ಸಂಸಾರ. ತಂತಿಯ ಪಂಜರದಲ್ಲಿ ಇವುಗಳಲ್ಲಿ ಯಾವುದಕ್ಕೂ ಅವಕಾಶವಿಲ್ಲ. ನಮ್ಮ ದೇಶದ ಫಾರಂಗಳಲ್ಲಿ ಒಂದು ಕೋಳಿಗೆ ಸುಮಾರು 450 ಚದರ ಸೆಂಟಿಮೀಟರು ಜಾಗ ದೊರೆಯುವುದು ವಾಡಿಕೆಯಾಗಿತ್ತು. ಟೈಪು ಮಾಡಲು ಬಳಸುವ ಸಾಮಾನ್ಯ ಹಾಳೆಯೊಂದರ ವಿಸ್ತಾರ ಸುಮಾರು 624 ಚದರ ಸೆಂಟಿಮೀಟರು. ಆ ಹಾಳೆಗಿಂತ ಕಿರಿದಾದ ನೆಲದ ಮೇಲೆ ಒಂದು ಜೀವ ತನ್ನ ಬಾಳನ್ನೆಲ್ಲ ಕಳೆಯಬೇಕು; ಕಳೆಯುತ್ತ ವರ್ಷಕ್ಕೆ ಮುನ್ನೂರರಷ್ಟು ಮೊಟ್ಟೆಯಿಡಬೇಕು.

ಕಾನೂನು ಇಲ್ಲವೆಂದಲ್ಲ. ಕದಲಾಡಲು ಸಾಕಷ್ಟು ಸ್ಥಳವಿಲ್ಲದ ಪಂಜರದಲ್ಲಿ ಯಾವ ಪ್ರಾಣಿಯನ್ನೂ ಕೂಡಿಹಾಕಬಾರದೆಂದು ಪ್ರಾಣಿಹಿಂಸೆ ತಡೆ ಕಾಯಿದೆ 1960ರಲ್ಲಿಯೇ ಹೇಳಿತು. ಕೇಂದ್ರದ ಕಾನೂನು ಆಯೋಗವು 2017ರಲ್ಲಿ ಕೋಳಿ ಸಾಕಣೆಯನ್ನೇ ಕುರಿತು ತನ್ನ 269ನೆಯ ವರದಿಯನ್ನು ಕೊಟ್ಟಿತು. ಪಂಜರದ ಮೊಟ್ಟೆ ಯಾವುದು, ಪಂಜರವಿಲ್ಲದ ಮೊಟ್ಟೆ ಯಾವುದು ಎಂಬುದನ್ನು ಪ್ರಮಾಣಪತ್ರದ ಮೂಲಕ ಬೇರ್ಪಡಿಸಬೇಕೆಂಬುದು ಅದರ ಶಿಫಾರಸುಗಳಲ್ಲೊಂದು. ಅನಂತರ 2019ರ ಕರಡು, 2023ರ ನಿಯಮಗಳು ಬಂದವು. ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರು ಜಾಗವಿರಬೇಕು. ಹಳೆಯ ಫಾರಂಗಳಿಗೆ 2030ರ ಜನವರಿ 1ರವರೆಗೆ ಕಾಲಾವಕಾಶ. ಆರು ದಶಕಗಳ ಮೇಲೆ ಕೋಳಿಗೆ ದಕ್ಕಿದ್ದು ಒಂದು ಅಂಗೈಯಗಲದ ಜಾಗ. ಹಾಳೆಯ ಅಳತೆಯನ್ನು ಅದು ಇನ್ನೂ ಮುಟ್ಟಿಲ್ಲ.

ಫಾರಂ ನಡೆಸುವವರ ಮಾತನ್ನೂ ಕೇಳಬೇಕಾದುದು ನ್ಯಾಯ. ಪಂಜರದಲ್ಲಿ ಹಿಕ್ಕೆ ಕೆಳಗೆ ಬೀಳುವುದರಿಂದ ಮೊಟ್ಟೆ ಶುಚಿಯಾಗಿರುತ್ತದೆ, ಆಳು ಕಡಿಮೆ ಸಾಕು, ಕೋಳಿಗಳು ಒಂದನ್ನೊಂದು ಕುಕ್ಕುವುದನ್ನು ಅಂಕೆಯಲ್ಲಿಡಬಹುದು ಎನ್ನುತ್ತಾರೆ. ಅವರಲ್ಲಿ ಅನೇಕರು ಬ್ಯಾಂಕಿನ ಸಾಲದಲ್ಲಿ ಷೆಡ್ಡು ಕಟ್ಟಿದವರು. ಮೆಕ್ಕೆಜೋಳದ ಬೆಲೆ ಅವರ ಕೈಯಲ್ಲಿಲ್ಲ. ಮೊಟ್ಟೆಯ ದರವೂ ಇಲ್ಲ. ಈ ಮಾತುಗಳಲ್ಲಿ ಸತ್ಯವಿದೆ. ಆದರೆ ಇವು ಪಂಜರವನ್ನು ಒಮ್ಮೆಗೇ ಕಿತ್ತುಹಾಕಬಾರದು ಎಂಬುದಕ್ಕೆ ಕಾರಣವಾಗುತ್ತವೆಯೇ ಹೊರತು, ಪಂಜರದ ಸಂಗತಿಯನ್ನು ಕೊಳ್ಳುವವನಿಂದ ಮರೆಮಾಡಬೇಕು ಎಂಬುದಕ್ಕಲ್ಲ.

ಆದಕಾರಣ ಕಟ್ಟುಪಾಡು ಅಂಗಡಿಯಿಂದ ಮೊದಲಾಗಬೇಕೆಂದು ನನ್ನ ಅಭಿಪ್ರಾಯ. ಷೆಡ್ಡಿನೊಳಗಿನ ನಿಯಮವನ್ನು ನೋಡುವವನು ಎಂದೋ ಒಮ್ಮೆ ಬರುವ ಅಧಿಕಾರಿ. ಅಂಗಡಿಯಲ್ಲಾದರೋ ದಿನಕ್ಕೆ ಸಾವಿರ ಕಣ್ಣುಗಳು. ಈಗಿನ ಸ್ಥಿತಿಯಲ್ಲಿ ಆ ಕಣ್ಣುಗಳಿಗೆ ಮಣ್ಣೆರಚುವುದು ಸುಲಭ. ಕೃಷ್ಣರಾಜಪೇಟೆಯಲ್ಲಾಗಲಿ ಪಾಂಡವಪುರದಲ್ಲಾಗಲಿ ಕಂದು ಚಿಪ್ಪಿನ ಮೊಟ್ಟೆ ಕಂಡರೆ ಅದು ನಾಟಿ ಕೋಳಿಯದೆಂದು ಎರಡು ಕಾಸು ಹೆಚ್ಚಿಗೆ ಕೊಡುವವರಿದ್ದಾರೆ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಬಾಳಿನಿಂದಲ್ಲ. ಪಂಜರದ ಕೋಳಿಯೂ ಕಂದು ಮೊಟ್ಟೆಯಿಡಬಲ್ಲದು. ಪೊಟ್ಟಣದ ಆಹಾರದ ಮೇಲೆ ಹಸಿರು ಚುಕ್ಕೆಯೋ ಕಂದು ಚುಕ್ಕೆಯೋ ಇರಲೇಬೇಕೆಂಬ ನಿಯಮ ಈ ಶತಮಾನದ ಮೊದಲಿನಿಂದಲೂ ಇದೆ. ತಿನ್ನುವವನ ಮಡಿಯನ್ನು ಕಾಯಲು ಒಂದು ಚುಕ್ಕೆ ಸಾಧ್ಯವಾದರೆ, ತಿನ್ನಿಸಿದ ಜೀವದ ಪಾಡನ್ನು ಹೇಳಲು ಇನ್ನೊಂದು ಗುರುತು ಏಕೆ ಅಸಾಧ್ಯ?

ಇದು ಹೊಸ ಮಾತೇನಲ್ಲ. ಯುರೋಪಿನ ಒಕ್ಕೂಟದಲ್ಲಿ 2004ರಿಂದ ಮೊಟ್ಟೆಯ ಚಿಪ್ಪಿನ ಮೇಲೆಯೇ ಅಂಕಿ ಮುದ್ರಿಸಬೇಕು: ಸಾವಯವಕ್ಕೆ ಸೊನ್ನೆ, ಬಯಲಲ್ಲಿ ಮೇಯ್ದ ಕೋಳಿಗೆ ಒಂದು, ಕೊಟ್ಟಿಗೆಯೊಳಗೆ ಪಂಜರವಿಲ್ಲದೆ ಇದ್ದುದಕ್ಕೆ ಎರಡು, ಪಂಜರದ್ದಕ್ಕೆ ಮೂರು. ಇಷ್ಟು ಜನರಿಗೆ ತಿಳಿದ ಮೇಲೆ, 2012ರ ಜನವರಿಯಲ್ಲಿ, ಬರಿಯ ತಂತಿಯ ಪಂಜರಗಳು ಅಲ್ಲಿ ನಿಷಿದ್ಧವಾದವು. ಅಮೆರಿಕೆಯ ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, 2018ರ ಜನಮತದಿಂದ ಪಂಜರದ ಮೊಟ್ಟೆಯ ಮಾರಾಟವನ್ನೇ ತಡೆಯಿತು. ಹಕ್ಕಿಜ್ವರದಿಂದ ಬೆಲೆ ಏರಿದಾಗ ನೆರೆಯ ನೆವಾಡಾ ರಾಜ್ಯವು 2025ರ ಫೆಬ್ರವರಿಯಲ್ಲಿ ತನ್ನ ಇಂತಹುದೇ ಕಾನೂನನ್ನು 120 ದಿನಗಳ ಕಾಲ ತಡೆಹಿಡಿಯಬೇಕಾಯಿತು. ಇದರಿಂದ ನಾವು ಕಲಿಯಬೇಕಾದುದು ಎರಡು: ಗುರುತು ಮೊದಲು, ನಿಷೇಧ ಆಮೇಲೆ, ಬಡವನ ತಟ್ಟೆಯನ್ನು ಮರೆತ ಕಾನೂನು ಬಹುಕಾಲ ನಿಲ್ಲದು.

ಬಡವನ ತಟ್ಟೆಯೆಂದೆ. ನಮ್ಮ ಶಾಲೆಗಳಲ್ಲಿ ಮೊಟ್ಟೆ ವಾರಕ್ಕೆ ಎರಡು ದಿನವಿದ್ದುದು ಆರು ದಿನಕ್ಕೇರಿದ್ದು 2024ರಲ್ಲಿ. ಹೆಚ್ಚಿನ ನಾಲ್ಕು ದಿನಗಳ ವೆಚ್ಚವನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವಹಿಸಿಕೊಂಡಿತು. ಕೂಲಿಯವರ ಮಗುವಿನ ಬಾಯಿಂದ ಈ ಮೊಟ್ಟೆಯನ್ನು ಕಸಿದು ಕೋಳಿಗೆ ದಯೆ ತೋರಿಸುವುದು ನನಗೆ ಒಪ್ಪಿಗೆಯಲ್ಲ. ಆದರೆ ಇಷ್ಟು ದೊಡ್ಡ ಕೊಳ್ಳುಗ ಇನ್ನೊಬ್ಬನಿಲ್ಲವೆಂಬುದನ್ನೂ ನೆನೆಯಬೇಕು. ಆ ಖರೀದಿಯ ಒಂದು ಪಾಲನ್ನು ಪಂಜರವಿಲ್ಲದ ಸಾಕಣೆದಾರರಿಗೆ ಮೀಸಲಿಟ್ಟು, ಹೆಚ್ಚುವರಿ ಬೆಲೆಯನ್ನು ಬೊಕ್ಕಸವೇ ಹೊತ್ತರೆ, ಮಗುವಿಗೆ ನಷ್ಟವಿಲ್ಲ, ಸಾಕುವವನಿಗೆ ಧೈರ್ಯ.

ಇನ್ನೊಂದು ಎಚ್ಚರವೂ ಬೇಕು. ಮಳೆಯನ್ನೇ ನಂಬಿದ ನಾಗಮಂಗಲದ ಹಳ್ಳಿಗಳಲ್ಲಿ ಹತ್ತು ಕೋಳಿಗಳ ಹುಟ್ಟುವಳಿಯೆಂದರೆ ಮನೆಯ ಹೆಂಗಸಿನ ಕೈದುಡ್ಡು. ಹೆಬ್ಬಾಳದ ಪಶುವೈದ್ಯರು ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳು ಇಂತಹ ಹಿತ್ತಲುಗಳಿಗಾಗಿಯೇ ಬಂದವು. ಪ್ರಮಾಣಪತ್ರಕ್ಕೆಂದು ಆಕೆಯನ್ನು ತಾಲ್ಲೂಕು ಕಚೇರಿಗೆ ಅಲೆಸಿದರೆ, ಕೋಳಿಯನ್ನು ಚೆನ್ನಾಗಿ ಸಾಕುವವಳೇ ಮೊದಲು ಸಂತೆ ಬಿಡುವಳು. ಐವತ್ತರವರೆಗೆ ಕೋಳಿಯುಳ್ಳವರು ಸ್ಥಳೀಯ ಸಂತೆಯಲ್ಲಿ ಹೆಸರು ವಿಳಾಸವನ್ನು ತೋರಿಸಿ ಮಾರುವುದಾದರೆ ಮುದ್ರೆಯಿಂದ ವಿನಾಯಿತಿ ಕೊಡಬಹುದೆಂದು ಯುರೋಪಿನ ನಿಯಮವೇ ಹೇಳುತ್ತದೆ. ನಮಗೂ ಅಷ್ಟು ಸಾಕು.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಜನ್ನನ ಯಶೋಧರ ಚರಿತೆ ನೆನಪಾಗದೆ ಇರದು. 1209ರಷ್ಟು ಹಿಂದೆ, ಹೊಯ್ಸಳರ ಕಾಲದಲ್ಲಿ ಹುಟ್ಟಿದ ಆ ಜೈನಕಾವ್ಯವು, ಹೊಸಹೊಳಲಿನ ದೇಗುಲವೂ ಕಂಬದಹಳ್ಳಿಯ ಬಸದಿಯೂ ಇರುವ ಈ ಸೀಮೆಗೆ ಪರಕೀಯವಲ್ಲ. ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಒಂದು ಜನ್ಮದಲ್ಲಿ ತಾಯಿ ಮಗ ಇಬ್ಬರೂ ಕೋಳಿಗಳಾಗಿಯೇ ಹುಟ್ಟುತ್ತಾರೆ. ಹಿಟ್ಟನ್ನು ಕಡಿದರೆ ಪಾಪವೇನೆಂದು ತರಗತಿಯಲ್ಲಿ ಹುಡುಗರು ನಗುವುದುಂಟು. ಕವಿಯ ಉತ್ತರ ಸ್ಪಷ್ಟವಾಗಿದೆ: ಹಿಂಸೆ ಕತ್ತಿಯಲ್ಲಿಲ್ಲ, ಸಂಕಲ್ಪದಲ್ಲಿದೆ. ನಮ್ಮ ಕಾಲದ ಕಷ್ಟ ಬೇರೆ. ನಮಗೆ ಸಂಕಲ್ಪವೇ ಇಲ್ಲ. ಷೆಡ್ಡಿನವನು, ಸಾಲ ಕೊಟ್ಟವನು, ಮಾರುವವನು, ತಿನ್ನುವವನು ಎಲ್ಲರೂ ಒಂದೊಂದು ಎಳೆಯಷ್ಟನ್ನು ಹಂಚಿಕೊಂಡು, ಯಾರೂ ಹೊಣೆಗಾರರಲ್ಲದೆ ಉಳಿದಿದ್ದೇವೆ.

ಪ್ರಾಣಿಹಿಂಸೆಯ ತಡೆ ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದ ವಿಷಯ. ನಮ್ಮ ವಿಧಾನಮಂಡಲವೂ ಈ ಕುರಿತು ಕಾನೂನು ಮಾಡಬಲ್ಲದು, ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ಮೊಟ್ಟೆಯ ಮೇಲೆ ಒಂದು ಅಂಕಿ ಬಿದ್ದೊಡನೆ ಕೋಳಿಗೆ ಬಿಡುಗಡೆಯಾಗುತ್ತದೆಂದು ನಾನು ಹೇಳಲಾರೆ. ಆದರೆ ತಿಳಿಯದೆ ಕೊಂಡೆವೆನ್ನುವ ನೆವ ಅಂದಿನಿಂದ ನಮಗಿರುವುದಿಲ್ಲ. ಮೂರರ ಅಂಕಿಯ ಮೊಟ್ಟೆಯನ್ನೇ ಕೊಳ್ಳುವವರು ಬಹುಮಂದಿ ಇರಬಹುದು, ಅವರ ಬಡತನಕ್ಕೆ ಅದು ಅನಿವಾರ್ಯವೂ ಇರಬಹುದು. ಕೈಯಲ್ಲಿ ಕಾಸಿರುವ ನಾವಾದರೂ ಆಗ ತಿಳಿದೇ ಆರಿಸಬೇಕಾಗುತ್ತದೆ.